ಅಂಬಾಸಡರ್ ಗ್ಯಾರೇಜಿನಿಂದ ಬಿಡಿಸಿಕೊಳ್ಳುವ ಮೊದಲು ಓವರ್‌ಫ್ಲೋ ಪೈಪಿನ ತುದಿ ಹುಡುಕಿ

ಹಳೆಯ ಅಂಬಾಸಡರ್ ಕಾರಿಗೆ ಹೊಸ ಜೀವ ಕೊಡಿಸುತ್ತಿರುವವರು ಹಣ ಎಣಿಸುವ ಮೊದಲು ಬಾನೆಟ್ ಎತ್ತಿ ಒಂದು ಪೈಪನ್ನು ನೋಡಿ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನ ಪಕ್ಕದಲ್ಲಿ ಪೆಟ್ರೋಲ್ ತುಂಬಿಡುವ ಪುಟ್ಟ ಬಟ್ಟಲು, ಅಂದರೆ ಫ್ಲೋಟ್ ಚೇಂಬರಿನ ಮುಚ್ಚಳದಿಂದ ಹೊರಡುವ ಸಣ್ಣ ಓವರ್‌ಫ್ಲೋ ಪೈಪು ಅದು. ಬಣ್ಣ, ಕ್ರೋಮ್, ಸೀಟಿನ ಹೊದಿಕೆ ಎಲ್ಲ ಆಮೇಲೆ.

ನನ್ನ ಮಾರ್ಕ್ 3 ಕಾರನ್ನು ಬೆಂಗಳೂರಿನಲ್ಲಿ ಹಳೆಯ ಗಾಡಿಗಳಿಗೇ ಹೆಸರಾದ ಗ್ಯಾರೇಜೊಂದಕ್ಕೆ ಒಪ್ಪಿಸಿದ್ದೆ. ಕಾರು ಹೊಳೆಯುತ್ತ ಬಂತು, ಬಿಲ್ಲೂ ಹಾಗೆಯೇ. ಸಿಲ್ಕ್ ಬೋರ್ಡ್ ಬಳಿ ದಟ್ಟಣೆಯಲ್ಲಿ ಸಿಕ್ಕಿ ನಿಂತಿದ್ದಾಗ ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು; ಹಿಂದೆಯೇ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ. ಇಗ್ನಿಷನ್ ಆರಿಸಿ, ಮನೆಯವರನ್ನೆಲ್ಲ ಇಳಿಸಿ ದೂರ ನಿಂತೆವು. ಹಿಂದಿನವರ ಹಾರ್ನ್ ಮಾತ್ರ ನಿಲ್ಲಲಿಲ್ಲ. ಎಂಜಿನ್ ತಣಿದ ಮೇಲೆ ನೋಡಿದರೆ, ಪೈಪನ್ನು ಗಿಡ್ಡವಾಗಿ ಕತ್ತರಿಸಿ, ತಂತಿ ಬಿಗಿದು, ಅದರ ಬಾಯನ್ನು ನೇರವಾಗಿ, ಎಂಜಿನ್ನಿನ ಬಿಸಿ ಹೊಗೆಯನ್ನು ಹೊರಗೊಯ್ಯುವ ಕಬ್ಬಿಣದ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಗೆ ತಿರುಗಿಸಿದ್ದರು. ಬೆಂಕಿ ಹತ್ತದಿದ್ದುದು ನಮ್ಮ ಪುಣ್ಯ, ಅವರ ಕೈಚಳಕವಲ್ಲ.

ಈ ಕಾರಿನ 1489 ಸಿಸಿಯ, ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸದ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿ, ಹೊಗೆ ಹೊರಬರುವ ದಾರಿ ಎರಡೂ ಒಂದೇ ಬದಿಗಿವೆ. ಹಾಗಾಗಿ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಕುಳಿತಿರುವುದೇ ಕೆಂಡದ ಮಗ್ಗುಲಲ್ಲಿ. ಚೇಂಬರ್ ತುಂಬಿದಾಗ ಒಳಗೆ ತೇಲುವ ಫ್ಲೋಟ್ ಮೇಲೆದ್ದು, ಪೆಟ್ರೋಲ್ ಬರುವ ದಾರಿಯ ನೀಡಲ್ ವಾಲ್ವನ್ನು ಮುಚ್ಚಬೇಕು. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತುಕ್ಕಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೂ ಸಾಕು, ವಾಲ್ವ್ ಮುಚ್ಚುವುದಿಲ್ಲ. ಪಂಪು ತಳ್ಳುತ್ತಲೇ ಇರುತ್ತದೆ, ಹೆಚ್ಚಾದ ಪೆಟ್ರೋಲ್ ಈ ಪೈಪಿನಿಂದ ಹೊರಬೀಳುತ್ತದೆ. ಪೆಟ್ರೋಲ್ ಹೊತ್ತಿಕೊಳ್ಳಲು ಕಿಡಿಯೇ ಬೇಕೆಂದಿಲ್ಲ. ಸುಮಾರು 280 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಎಂಜಿನ್ ದುಡಿದ ಮೇಲೆ ಮ್ಯಾನಿಫೋಲ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಎಲೆಕ್ಟ್ರಿಕ್ ಪಂಪು ಹಾಕಿಸಿದವರು ಇನ್ನೂ ಎಚ್ಚರವಾಗಿರಬೇಕು. ಸುರಕ್ಷತಾ ಸ್ವಿಚ್ ಇಲ್ಲದಿದ್ದರೆ, ಎಂಜಿನ್ ನಿಂತರೂ ಇಗ್ನಿಷನ್ ಆನ್ ಇರುವಷ್ಟು ಹೊತ್ತು ಅದು ತಳ್ಳುತ್ತಲೇ ಇರುತ್ತದೆ.

ಗ್ಯಾರೇಜಿನವರನ್ನು ಕೇಳಿದರೆ, "ಅಲ್ಲಿಂದ ಪೆಟ್ರೋಲ್ ಬರುವುದೇ ಇಲ್ಲ ಸಾರ್, ಬೇಕಿದ್ದರೆ ಬಿರಡೆ ಹಾಕಿಕೊಡುತ್ತೇವೆ" ಎಂದರು. ಬಿರಡೆಯ ಮಾತಿಗೆ ಖಂಡಿತ ಒಪ್ಪಬೇಡಿ. ಚೇಂಬರ್ ಉಸಿರಾಡುವುದೂ ಅದೇ ದಾರಿಯಲ್ಲಿ. ಮುಚ್ಚಿದರೆ ಒಳಗಿನ ಒತ್ತಡ ಏರುಪೇರಾಗಿ ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಪೈಪು ಮುಚ್ಚಳದಿಂದ ಎಡೆಬಿಡದೆ ಕೆಳಮುಖವಾಗಿ ಇಳಿಯಬೇಕು. ನಡುವೆ ಜೋತುಬಿದ್ದು ಪೆಟ್ರೋಲ್ ನಿಲ್ಲುವಂತಿರಬಾರದು, ಎಲ್ಲಿಯೂ ಮಡಚಿಕೊಳ್ಳಬಾರದು. ಮ್ಯಾನಿಫೋಲ್ಡ್, ಸೈಲೆನ್ಸರ್ ಪೈಪು, ಡೈನಮೋ ಎಲ್ಲವನ್ನೂ ತಪ್ಪಿಸಿ ಕಾರಿನ ತಳಕ್ಕಿಂತ ಕೆಳಗೆ ಅದರ ಬಾಯಿ ತೆರೆದಿರಬೇಕು. ಅಲುಗಾಡದಂತೆ ಕ್ಲಿಪ್ಪು ಬೇಕು. ತಂತಿ ಸುತ್ತಿದರೆ ಪೈಪು ಕೊಯ್ದುಹೋಗುತ್ತದೆ. ನನಗೆ ಹಾಕಿದ್ದು ಮೀನಿನ ತೊಟ್ಟಿಗೆ ಬಳಸುವ ಪಾರದರ್ಶಕ ಪೈಪು! ಪೆಟ್ರೋಲ್ ತಾಗಿದರೆ ಅದು ಗಟ್ಟಿಯಾಗಿ ಸೀಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಇಂಧನ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಹಳೆಯ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಎಥನಾಲ್ ತಡೆಯುವ ಇಂಧನ ಪೈಪೇ ಬೇಕೆಂದು ಹಟ ಹಿಡಿಯಿರಿ. ಮೇಲೆ ಮುದ್ರಿಸಿರುವ ಗುರುತು ಓದದೆ ಕೊಳ್ಳಬೇಡಿ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರಿಗೆ ಇನ್ನೊಂದು ಮಾತು: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅಲ್ಲೇ ನೆಲ ಹಿಡಿದು ಕೂರುತ್ತದೆ. ವಾಸನೆ ಬಂದರೆ ಸ್ಟಾರ್ಟ್ ಮಾಡದೆ ತಳ್ಳಿ ಹೊರತನ್ನಿ.

ಪರೀಕ್ಷೆಗೆ ಮೆಕ್ಯಾನಿಕ್ ಬೇಕಿಲ್ಲ. ಎಂಜಿನ್ ತಣ್ಣಗಿರುವಾಗ ಪೈಪನ್ನು ಮುಚ್ಚಳದಿಂದ ಬಿಡಿಸಿ, ಆ ತುದಿಯಿಂದ ಒಂದೆರಡು ಚಮಚ ನೀರು ಬಿಡಿ. ಹನಿ ನೆಲಕ್ಕೆ ಬಿದ್ದರೆ ಪೈಪನ್ನು ಊದಿ ಒಣಗಿಸಿ ಮತ್ತೆ ಜೋಡಿಸಿ. ಮ್ಯಾನಿಫೋಲ್ಡಿನ ಕಬ್ಬಿಣದ ಮೇಲೆ ಬಿದ್ದರೆ ಕೀಲಿಕೈ ಗ್ಯಾರೇಜಿನವರಿಗೇ ಹಿಂದಿರುಗಿಸಿ.