ಬಳ್ಳಾರಿಯ ಗಾಳಿ, ಬಿಸಿಲಲ್ಲಿ ಎಡ ಕ್ರ್ಯಾಂಕಿನ ಪವರ್ ಮೀಟರ್

ಬಳ್ಳಾರಿಯಲ್ಲಿ ಸೈಕಲ್ ಹೊಡೆಯುವವರು ಸ್ಪೀಡ್ ನೋಡಿ ಫಿಟ್‌ನೆಸ್ ಅಳೆಯೋಕೆ ಆಗಲ್ಲ. ಆಷಾಢದಲ್ಲಿ ಹೊಸಪೇಟೆ ರಸ್ತೆ ಹಿಡಿದರೆ ಗಾಳಿ ಮುಖಕ್ಕೇ ಹೊಡೆಯುತ್ತದೆ. ತೋರಣಗಲ್ಲಿಗೆ ಹೋಗುವಾಗ ಗಂಟೆಗೆ 19 ಕಿಲೋಮೀಟರ್, ತಿರುಗಿ ಬರುವಾಗ ಅದೇ ಕಾಲಿಗೆ 34. ಪಕ್ಕದಲ್ಲಿ ಅದಿರಿನ ಲಾರಿ ಹಾದುಹೋದರೆ ಅದರ ಸೆಳೆತಕ್ಕೇ ಒಂದೆರಡು ಜಾಸ್ತಿ. ಇದರಲ್ಲಿ ನನ್ನ ದುಡಿಮೆ ಎಷ್ಟು, ಗಾಳಿಯದ್ದೆಷ್ಟು? ಅದು ಗೊತ್ತಾಗಲಿ ಅಂತ ತುಳಿಯುವ ಶಕ್ತಿಯನ್ನು ವ್ಯಾಟಲ್ಲಿ ಅಳೆಯುವ ಪವರ್ ಮೀಟರ್ ತರಿಸಿದೆ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಅದು ಕಂಡಾಗಿದೆ. ಕಂಪನಿ ಹೆಸರು ಬೇಡ. ಎಡ ಕ್ರ್ಯಾಂಕಿಗೆ, ಅಂದರೆ ಪೆಡಲ್ ಹಿಡಿದಿರುವ ಎಡ ತೋಳಿಗೆ, ಬರುವ ಎಲ್ಲ ಮೀಟರ್‌ಗಳ ಗುಣವೂ ಹೆಚ್ಚುಕಡಿಮೆ ಒಂದೇ.

ಕ್ರ್ಯಾಂಕ್ ತೋಳಿನ ಒಳಬದಿಗೆ ಒಂದು ಪುಟ್ಟ ಡಬ್ಬಿ ಅಂಟಿರುತ್ತದೆ. ಒಳಗೆ ಸ್ಟ್ರೇನ್ ಗೇಜ್. ತುಳಿದಾಗ ತೋಳು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೇಜ್ ಅದನ್ನು ಹಿಡಿಯುತ್ತದೆ. ಆ ತಿರುಚುಬಲವನ್ನು ಪೆಡಲ್ ತಿರುಗುವ ವೇಗಕ್ಕೆ ಗುಣಿಸಿದರೆ ವ್ಯಾಟ್. ಎದುರುಗಾಳಿ ಇರಲಿ, ಇಳಿಜಾರಿರಲಿ, 150 ವ್ಯಾಟ್ ಅಂದ್ರೆ 150 ವ್ಯಾಟೇ.

ನನ್ನದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಹಳೆ ಮಷಿನ್‌ಗಳಿಗೆ ಅರ್ಧ ಎಚ್‌ಪಿ ಕ್ಲಚ್ ಮೋಟರ್ ಇದೆ, ಅಂದರೆ ಸುಮಾರು 373 ವ್ಯಾಟ್. ನಾನು ದಮ್ಮು ಹಿಡಿದು ಒಂದು ಗಂಟೆ ತಳ್ಳಬಲ್ಲದ್ದು 205. ಇದನ್ನು ಕೇಳಿದ ನಮ್ಮ ಕಟಿಂಗ್ ಮಾಸ್ಟರ್, "ಅಂದ್ರೆ ಅಣ್ಣಾ, ನಿಮ್ಮನ್ನ ಕೂರಿಸಿದ್ರೆ ಒಂದು ಮಷಿನ್ನೂ ಓಡಲ್ಲ ಅಲ್ರೀ" ಅಂದ.

ಈ 205 ಎಲ್ಲಿಂದ ಬಂತು ಅಂದರೆ, 20 ನಿಮಿಷದ ಟೆಸ್ಟ್‌ನಿಂದ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, 20 ನಿಮಿಷ ಎಷ್ಟು ಸಾಧ್ಯವೋ ಅಷ್ಟು ಒಂದೇ ಸಮ ತುಳಿಯಬೇಕು. ಬಂದ ಸರಾಸರಿಯ ಶೇ. 95 ನಮ್ಮ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ತಳ್ಳಬಲ್ಲ ವ್ಯಾಟ್. ನನಗೆ 216 ಬಂತು, ಲೆಕ್ಕ ಹಾಕಿದರೆ 205. ಹೆದ್ದಾರಿಯಲ್ಲಿ ಇದು ಆಗದ ಮಾತು, ಕುಡಿತಿನಿಯ ಹತ್ತಿರ ಲಾರಿ ಸಾಲಿಗೆ ಬ್ರೇಕ್ ಹಿಡಿಯಲೇಬೇಕು. ಸಿರುಗುಪ್ಪ ರಸ್ತೆ ವಾಸಿ. ಗದ್ದೆಗೆ ಟ್ರ್ಯಾಕ್ಟರ್ ಇಳಿಯುವ ಮೊದಲೇ, ಬೆಳಕು ಹರಿಯುವಾಗ ಮುಗಿಸಿಬಿಡಿ. ಕುರಿಮಂದೆ ಅಡ್ಡ ಬಂದರೆ ಮಾತ್ರ ಆವತ್ತಿನ ಟೆಸ್ಟ್ ಅಲ್ಲಿಗೇ ಸರಿ.

ಎಫ್‌ಟಿಪಿ ಸಿಕ್ಕ ಮೇಲೆ ವಲಯಗಳು ಬರುತ್ತವೆ, ಅಂದರೆ ಅದರ ಇಷ್ಟು ಶೇಕಡಾ ಅಂತ ಲೆಕ್ಕ ಹಾಕಿದ, ಸುಲಭದಿಂದ ಕಠಿಣದ ತನಕದ ಹಂತಗಳು. ಶೇ. 56ರಿಂದ 75ರ ತನಕ ಎರಡನೇ ವಲಯ, ನನಗೆ 115ರಿಂದ 154 ವ್ಯಾಟ್. ದಮ್ಮು ಕಟ್ಟುವ ಸವಾರಿ ಇದೇ. ತುಳಿಯುವಾಗ ಮಾತಾಡೋಕೆ ಬರಬೇಕು. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್‌ನಲ್ಲಿ ಮೂರು ಸೆಕೆಂಡಿನ ಸರಾಸರಿ ಇಟ್ಟುಕೊಳ್ಳಿ. ಕ್ಷಣಕ್ಷಣದ ವ್ಯಾಟ್ ಕುಣಿಯುವುದನ್ನು ನೋಡ್ತಾ ಕೂತರೆ ರಸ್ತೆಗುಂಡಿ ಕಾಣಲ್ಲ.

ಮೊದಲ ಲಾಭ ಕಂಡಿದ್ದು ಭಾನುವಾರದ ಗುಂಪು ಸವಾರಿಯಲ್ಲಿ. ಎಲ್ಲರೂ ಅದನ್ನು ಆರಾಮ್ ರೈಡ್ ಅಂತಾರೆ. ಸರಾಸರಿ ನೋಡಿದರೆ 128 ವ್ಯಾಟ್, ಹೌದಲ್ಲ ಅನಿಸುತ್ತದೆ. ನಾರ್ಮಲೈಸ್ಡ್ ಪವರ್ ನೋಡಿದರೆ 167! ಈ ಲೆಕ್ಕ ಜೋರಾಗಿ ತುಳಿದ ಹೊತ್ತಿಗೆ ತೂಕ ಜಾಸ್ತಿ ಕೊಡುತ್ತದೆ. ದೇಹಕ್ಕೂ ಅದೇ ತಾನೇ ಭಾರ. ಪ್ರತಿ ಸೇತುವೆಗೂ ಒಬ್ಬ ಎದ್ದು ಓಡುವುದು, ಉಳಿದವರು ಅವನ ಹಿಂದೆ ಬೀಳುವುದು. 205ಕ್ಕೆ 167 ಅಂದರೆ ಶೇ. 81. ಆರಾಮಿಗೆ ಜಾಸ್ತಿ, ನಿಜವಾದ ಕಠಿಣ ಅಭ್ಯಾಸಕ್ಕೆ ಕಡಿಮೆ. ಈಗ ಭಾನುವಾರ ಗುಂಪಿನ ಜೊತೆ ಹೋದರೆ ಮಂಗಳವಾರದ ತನಕ ಜೋರು ಅಭ್ಯಾಸ ಇಡಲ್ಲ.

ಆದರೆ ದುಡ್ಡು ವಸೂಲಾಗಿದ್ದು ಬಿಸಿಲಲ್ಲಿ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ನನ್ನ ಹತ್ತಿರ ಮೊದಲೇ ಇತ್ತು. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ವಿಷಯ ಹೊರಬೀಳುತ್ತದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಎರಡು ಗಂಟೆ 145 ವ್ಯಾಟಲ್ಲಿ ತುಳಿದೆ. ಮೊದಲ ಗಂಟೆ ಎದೆಬಡಿತ ಸರಾಸರಿ 136, ಎರಡನೇ ಗಂಟೆ 140. ಏಪ್ರಿಲ್‌ನಲ್ಲಿ ಅದೇ ರಸ್ತೆ, ಅದೇ 145 ವ್ಯಾಟ್. ಮೊದಲ ಗಂಟೆ 138, ಎರಡನೇ ಗಂಟೆ 151. ವ್ಯಾಟನ್ನು ಬಡಿತಕ್ಕೆ ಭಾಗಿಸಿ ಎರಡು ಗಂಟೆಗಳನ್ನು ಹೋಲಿಸಿದರೆ, ಡಿಸೆಂಬರ್‌ನಲ್ಲಿ ಸುಮಾರು ಶೇ. 3 ಇಳಿತ, ಏಪ್ರಿಲ್‌ನಲ್ಲಿ ಎಂಟೂವರೆ. ಶೇ. 5ರ ಒಳಗಿದ್ದರೆ ದಮ್ಮು ಸಾಲುತ್ತಿದೆ ಅನ್ನುವುದು ತರಬೇತಿ ಕೊಡುವವರ ರೂಢಿಯ ಲೆಕ್ಕ.

ಕಾಲಿನ ಶಕ್ತಿ ಹೋಗಿರಲಿಲ್ಲ. ಮೈ ತಣ್ಣಗಾಗಲು ರಕ್ತ ಚರ್ಮದ ಕಡೆ ಹೋಗುತ್ತದೆ, ಬೆವರಲ್ಲಿ ನೀರು ಹೋಗುತ್ತದೆ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಬಡಿತ ಏರಲೇಬೇಕು. ಹಾಗಾಗಿ ಚಳಿಗಾಲದ ವ್ಯಾಟನ್ನು ಬೇಸಿಗೆಗೆ ಹೊರಿಸುವುದು ಸುಮ್ನೆ ಹಟ. ನಾನು ಈಗ ಮಾರ್ಚ್‌ನಿಂದ ಜೂನ್ ಮಳೆ ಬರೋವರೆಗೆ ಸುಲಭದ ಸವಾರಿಗೆ ಬಡಿತದ ಮೇಲ್ಮಿತಿ ಇಟ್ಟುಕೊಳ್ಳುತ್ತೇನೆ. ವ್ಯಾಟ್ 130ಕ್ಕೆ ಇಳಿದರೆ ಇಳಿಯಲಿ. ಚಳಿಗಾಲದಲ್ಲಿ ವ್ಯಾಟ್ ಹೇಳಿದಂತೆ ಕೇಳುತ್ತೇನೆ. ಇದನ್ನೆಲ್ಲ ನೋಡೋಕೆ ಗೋಲ್ಡನ್ ಚೀತಾ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ನೋಡೋಕೆ ಚೆಂದವಿಲ್ಲ, ಕೆಲಸಕ್ಕೆ ಗಟ್ಟಿ.

ಊಟದ ಲೆಕ್ಕವೂ ಸಿಗುತ್ತದೆ. ಎರಡು ಗಂಟೆ 150 ವ್ಯಾಟ್ ಅಂದರೆ 1080 ಕಿಲೋಜೂಲ್, ದೇಹ ಸುಡುವ ಕ್ಯಾಲರಿಯೂ ಹೆಚ್ಚುಕಡಿಮೆ ಅಷ್ಟೇ. ಒಗ್ಗರಣೆ ಮಂಡಕ್ಕಿ ಜೊತೆ ಎರಡು ಮಿರ್ಚಿ ಧೈರ್ಯವಾಗಿ ತಿನ್ನಬಹುದು.

ಇನ್ನು ತಕರಾರು. ಇದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ನಿಮ್ಮ ಎಡಗಾಲು ಶೇ. 48 ಮಾಡಿದರೆ ತೋರಿಸುವುದು 96, ನಾಲ್ಕು ಮಾಯ. ನಿಮ್ಮ ನಿನ್ನೆಯನ್ನು ನಿಮ್ಮ ಇವತ್ತಿಗೆ ಹೋಲಿಸಲು ತೊಂದರೆಯಿಲ್ಲ, ಗೆಳೆಯನ ವ್ಯಾಟ್ ಜೊತೆ ಜಗಳಕ್ಕೆ ನಿಲ್ಲಬೇಡಿ. ನನ್ನ ಮೀಟರಿನ ಬ್ಯಾಟರಿ ಮುಚ್ಚಳ ಕೈಗೆ ಬರೋ ಥರ ಸಡಿಲ. ಒಳಗೆ ಕೆಂಪು ಧೂಳು ಸೇರಿ ಸಂಪರ್ಕ ತಪ್ಪುತ್ತದೆ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಸೆಲ್ ಮಾತ್ರ ವಾಚ್ ಅಂಗಡಿಯಲ್ಲಿ ಸಿಗುವ ಸಿಆರ್2032.

ಜೀರೋ ಮಾಡುವುದನ್ನು, ಅಂದರೆ ಪೆಡಲ್ ಮೇಲೆ ಭಾರವಿಲ್ಲದಾಗ ಮೀಟರಿಗೆ ಇದೇ ಸೊನ್ನೆ ಅಂತ ಹೇಳಿಕೊಡುವುದನ್ನು, ಮರೆಯಬೇಡಿ. ಕೋಣೆಯಿಂದ ಸೈಕಲ್ ತಂದ ತಕ್ಷಣ ಬೇಡ. ಲೋಹದ ಬಿಸಿ ಬದಲಾದರೆ ಗೇಜಿನ ಸೊನ್ನೆಯೂ ಜರುಗುತ್ತದೆ. ಹೊರಗೆ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಮಾಡಿ. ಬಿಸಿಲು ಏರಿದ ಮೇಲೆ ಚಹಾಕ್ಕೆ ನಿಂತಾಗ ಇನ್ನೊಮ್ಮೆ.

ವಾರಕ್ಕೊಮ್ಮೆ ಸವಾರಿ ಮಾಡುವವರಿಗೆ ಇದು ದುಬಾರಿ ಆಟಿಕೆ, ಎದೆಪಟ್ಟಿ ತಗೊಳ್ಳಿ ಸಾಕು. ವಾರದಲ್ಲಿ ನಾಲ್ಕು ದಿನ ಹೊಡೆಯುವವರು, ಸವಾರಿ ಮುಗಿಸಿ ಹತ್ತು ನಿಮಿಷ ಕೂತು ನೋಡುವವರು ಕೊಳ್ಳಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಹೋಗಿದ್ದು ಮುಚ್ಚಳಕ್ಕೆ. ಆರ್ಡರ್ ಮಾಡುವ ಮೊದಲು ಈಗಿರುವ ಕ್ರ್ಯಾಂಕಿನ ಉದ್ದ ನೋಡಿ, ತೋಳಿನ ಹಿಂಬದಿಗೆ ಕೊರೆದಿರುತ್ತದೆ, ನನ್ನದು 170 ಮಿಲಿಮೀಟರ್. ತೋಳಿಗೂ ಫ್ರೇಮಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗವೂ ಬೇಕು. ಶಿಮಾನೋ ಕಂಪನಿಯ ಕ್ರ್ಯಾಂಕ್ ಆದರೆ ತೋಳಿನ ಎರಡು ಬೋಲ್ಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು, 12ರಿಂದ 14 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಟಾರ್ಕ್ ರೆಂಚ್ ಇಲ್ಲದ ಅಂಗಡಿಯವರು ಪೂರಾ ಜೋರು ಹಾಕಿ ತಿರುಗಿಸುತ್ತಾರೆ, ಪಕ್ಕದಲ್ಲೇ ನಿಂತು ಮಾಡಿಸಿ.