ಒಂದೇ ಟೂಲ್‌ಬಾರ್, ಮೂರು ಸಲ: ಟಿಕಿಂಟರ್, ಡಬ್ಲ್ಯೂಎಕ್ಸ್‌ಪೈಥಾನ್, ಪೈಸೈಡ್6

ಗದಗಿನ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿ. ಅಲ್ಲಿಯ ಲೆಕ್ಕಕ್ಕೆ ನಾನು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ರೈತರು ಮಾಲು ತಂದಾಗ ಲಾಟ್ ಬರೆದುಕೊಳ್ಳುವುದು, ತೂಕ ಹಾಕುವುದು, ಹಮಾಲಿ ಮುರಿದು ಪಟ್ಟಿ ಕೊಡುವುದು, ಇಷ್ಟು ಕೆಲಸ. ಮೊದಲು ಎಲ್ಲವನ್ನೂ ಮೆನುವಿನೊಳಗೆ ಇಟ್ಟಿದ್ದೆ. ಎರಡನೇ ದಿನವೇ, ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಕಾಕಾ ಹೇಳಿದರು: “ತಂಗೀ, ಹಿಂಗ ಒಂದರಾಗ ಒಂದು ಹುಡುಕ್ಕೋತ ಕುಂತ್ರ ಹೊರಗ ಗಾಡಿ ಸಾಲು ಹಚ್ಚಿ ನಿಲ್ತಾವ. ಎಲ್ಲಾ ಮ್ಯಾಲ ಗುಂಡಿ ಮಾಡಿ ಇಡು.”

ಏಳು ಗುಂಡಿ ಬೇಕಿತ್ತು. ಹೊಸ ಲಾಟ್, ತೂಕ, ಪಟ್ಟಿ, ಪ್ರಿಂಟ್, ಉದ್ರಿ, ಕಿರ್ದಿ, ಹುಡುಕು. ಪ್ರತಿ ಗುಂಡಿಗೂ ಮೇಲೆ ಚಿತ್ರ, ಕೆಳಗೆ ಕನ್ನಡದಲ್ಲಿ ಹೆಸರು. ಇಂಥ ಗುಂಡಿಗಳ ಸಾಲಿಗೇ ಟೂಲ್‌ಬಾರ್ ಅನ್ನುವುದು. ಕಿರ್ದಿಯ ಚಿತ್ರವನ್ನು ನಾನೇ ಬರೆದೆ, ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ದೀಪಾವಳಿಗೆ ಪೂಜೆ ಮಾಡುತ್ತಾರಲ್ಲ, ಅದೇ. ಕಾಕಾ ಈಗಲೂ ಆ ಗುಂಡಿಯನ್ನು ಓದುವುದಿಲ್ಲ, ಕೆಂಪು ಕಂಡಲ್ಲಿ ಒತ್ತುತ್ತಾರೆ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಕಾಕಾ ಕೂರುವ ಕಡೆ ಹಳೆಯದು, 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 21 ಹಾಕಿದ್ದೇನೆ. ಒಳಗೆ ಸಾವಕಾರರ ಹತ್ತಿರ ವಿಂಡೋಸ್ 10 ಲ್ಯಾಪ್‌ಟಾಪ್. ಎರಡರಲ್ಲೂ ಒಂದೇ ಪ್ರೋಗ್ರಾಂ ಓಡಬೇಕು. ಕಿಟಕಿ, ಗುಂಡಿ ಮಾಡಿಕೊಡುವ ಸಿದ್ಧ ಕೋಡ್‌ಗೆ ಟೂಲ್‌ಕಿಟ್ ಅನ್ನುತ್ತಾರೆ, ಅಂಥವು ಹಲವು ಇವೆ. ಹಾಗಾಗಿ ವಿಂಡೋಸ್‌ಗೆ ಮಾತ್ರ ಆಗುವ ವಿನ್‌ಫಾರ್ಮ್ಸ್‌ನ ಟೂಲ್‌ಸ್ಟ್ರಿಪ್ ಅನ್ನು ಮೊದಲೇ ಬಿಟ್ಟೆ. ಜಿಟಿಕೆ 4 ಕೂಡ ಬಿಟ್ಟೆ. ಜಿಟಿಕೆ 3ರಲ್ಲಿ ಟೂಲ್‌ಬಾರ್ ಅಂತಲೇ ಒಂದು ವಿಜೆಟ್ (ಕಿಟಕಿಯಲ್ಲಿ ಇಡುವ ಸಿದ್ಧ ಭಾಗ) ಇತ್ತು, 4ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಒಂದು ಬಾಕ್ಸ್ ಇಟ್ಟು ಅದಕ್ಕೆ ‘ಟೂಲ್‌ಬಾರ್’ ಅನ್ನೋ ಸ್ಟೈಲ್ ಕೊಡಬೇಕು, ಉಳಿದದ್ದು ನಮ್ಮ ಪಾಲಿಗೆ. ಹೊಸದಾಗಿ ಶುರು ಮಾಡುವ ಕೆಲಸಕ್ಕೆ ಅದು ಬೇಡ ಅನ್ನಿಸಿತು. ಉಳಿದ ಮೂರನ್ನು, ಅಂದರೆ ಟಿಕಿಂಟರ್, ಡಬ್ಲ್ಯೂಎಕ್ಸ್‌ಪೈಥಾನ್, ಪೈಸೈಡ್6, ಹೆಸರುಕಾಳಿನ ಸುಗ್ಗಿಯಲ್ಲಿ ಒಂದೊಂದು ವಾರ ಅಂಗಡಿಯಲ್ಲೇ ಓಡಿಸಿದೆ. ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಒಂದು ತಾಸು ಚಿಲ್ಲರೆ, ಹೋಗಿ ಬರುವುದು ಕಷ್ಟ ಆಗಲಿಲ್ಲ.

ಮೊದಲ ವಾರ ಟಿಕಿಂಟರ್. ವಿಂಡೋಸ್‌ನಲ್ಲಿ ಪೈಥಾನ್ ಜೊತೆಗೇ ಬರುತ್ತದೆ. ಮಿಂಟ್‌ನಲ್ಲಿ ಪೈಥಾನ್3-ಟಿಕೆ ಅನ್ನೋ ಚಿಕ್ಕ ಪ್ಯಾಕೇಜ್ ಹಾಕಿಕೊಂಡರೆ ಮುಗಿಯಿತು. ಆದರೆ ಇದರಲ್ಲೂ ಟೂಲ್‌ಬಾರ್ ಅನ್ನೋ ವಿಜೆಟ್ ಇಲ್ಲ. ಕಿಟಕಿಯ ಮೇಲ್ಗಡೆ ಒಂದು ಫ್ರೇಮ್ ಇಡಬೇಕು, ಅದರಲ್ಲಿ ಬಟನ್‌ಗಳನ್ನು ಎಡದಿಂದ ಪ್ಯಾಕ್ ಮಾಡುತ್ತಾ ಹೋಗಬೇಕು. ಟಿಕಿಂಟರ್‌ನದೇ ಭಾಗವಾದ ಟಿಟಿಕೆಯ ಬಟನ್‌ಗೆ ‘ಟೂಲ್‌ಬಟನ್’ ಸ್ಟೈಲ್ ಕೊಟ್ಟರೆ ಅಂಚು ಉಬ್ಬದೆ ಚಪ್ಪಟೆಯಾಗಿ ಕೂರುತ್ತದೆ. ‘ಕಾಂಪೌಂಡ್’ಗೆ ‘ಟಾಪ್’ ಅಂತ ಕೊಟ್ಟರೆ ಚಿತ್ರ ಮೇಲೆ, ಹೆಸರು ಕೆಳಗೆ. ನಡುವೆ ಗೆರೆ ಬೇಕಾದ ಕಡೆ ಸೆಪರೇಟರ್. ಒಂದು ಸಂಜೆಯ ಕೆಲಸ.

ಮೊದಲ ಸಲ ಓಡಿಸಿದಾಗ ಚಿತ್ರಗಳೇ ಇಲ್ಲ, ಬರೀ ಹೆಸರು. ಟಿಕಿಂಟರ್ ಬಳಸಿದವರಿಗೆಲ್ಲ ಇದು ಗೊತ್ತಿರುತ್ತದೆ, ಆದರೂ ಹೊಸಬರಿಗಾಗಿ ಹೇಳುತ್ತೇನೆ. ಫಂಕ್ಷನ್ ಒಳಗೆ ಫೋಟೋಇಮೇಜ್ ಮಾಡಿ ಬಟನ್‌ಗೆ ಕೊಟ್ಟರೆ ಸಾಲದು. ಫಂಕ್ಷನ್ ಮುಗಿದ ಕೂಡಲೇ ಆ ಚಿತ್ರವನ್ನು ಹಿಡಿದುಕೊಂಡವರು ಯಾರೂ ಇಲ್ಲ ಅಂತ ಪೈಥಾನ್ ಅದನ್ನು ಅಳಿಸಿಬಿಡುತ್ತದೆ. ಚಿತ್ರಗಳನ್ನೆಲ್ಲ ‘ಸೆಲ್ಫ್’ ಅಡಿಯಲ್ಲಿ ಒಂದು ಲಿಸ್ಟ್‌ನಲ್ಲಿ ಇಟ್ಟುಕೊಳ್ಳಿ, ಎಲ್ಲೂ ಹೋಗುವುದಿಲ್ಲ.

ಚಿತ್ರ ಬಂತು. ಅಕ್ಷರ ಕೆಟ್ಟಿತು. ಮಿಂಟ್ ಇರುವ ಕಂಪ್ಯೂಟರ್‌ನಲ್ಲಿ ‘ಪಟ್ಟಿ’ ಅನ್ನೋ ಮೂರನೇ ಗುಂಡಿಯನ್ನು ಕಾಕಾ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. “ಇದು ಹರದು ಹೋಗೇತಲ್ಲ ತಂಗೀ” ಅಂದರು. ಸರಿಯಾಗೇ ಹೇಳಿದ್ದರು. ‘ಪಟ್ಟಿ’ ನಮಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಐದು: ಪ, ಟ, ಹಲಂತ, ಮತ್ತೊಂದು ಟ, ಗುಡಿಸು. ನಡುವಿನ ಟ, ಹಲಂತ, ಟ ಕೂಡಿ ಒತ್ತಕ್ಷರ ಆಗಬೇಕು, ಗುಡಿಸು ಮೇಲೆ ಏರಬೇಕು. ಹೀಗೆ ಕೂಡಿಸುವ ನಿಯಮ ಫಾಂಟ್‌ನೊಳಗೇ ಇರುತ್ತದೆ. ಆದರೆ ಅದನ್ನು ಓದಿ ಜೋಡಿಸುವವರು ಬೇಕಲ್ವಾ? ಟಿಕಿಂಟರ್‌ನ ಕೆಳಗಿರುವುದು ಟಿಕೆ, ಲಿನಕ್ಸ್‌ನಲ್ಲಿ ಟಿಕೆ 8.6 ಆ ಕೆಲಸ ಮಾಡುವುದಿಲ್ಲ. ಐದಕ್ಕೆ ಐದನ್ನೂ ಸಾಲಾಗಿ ಒಂದರ ಪಕ್ಕ ಒಂದು ನಿಲ್ಲಿಸುತ್ತದೆ. ನೋಟೋ ಸಾನ್ಸ್ ಕನ್ನಡ ಹಾಕಿ ನೋಡಿದೆ, ಬೇರೆ ಫಾಂಟ್ ಹಾಕಿ ನೋಡಿದೆ. ತಪ್ಪು ಫಾಂಟ್‌ನದ್ದಾಗಿರಲಿಲ್ಲ, ಎಷ್ಟು ಬದಲಿಸಿದರೂ ಅಷ್ಟೇ. ಅದೇ ಕೋಡ್ ಸಾವಕಾರರ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಬಂತು. ವಿಂಡೋಸ್‌ನಲ್ಲಿ ಅಕ್ಷರ ಬರೆಯುವ ಕೆಲಸವನ್ನು ಟಿಕೆ ವಿಂಡೋಸ್‌ಗೇ ಬಿಡುತ್ತದೆ, ವಿಂಡೋಸ್‌ಗೆ ಒತ್ತು ಕೂಡಿಸಲು ಬರುತ್ತದೆ.

ಇದಕ್ಕೊಂದು ಉಪಾಯ ಮಾಡಿದೆ. ಹೆಸರನ್ನೂ ಚಿತ್ರದೊಳಗೇ ಬರೆದು ಪಿಎನ್‌ಜಿ ಮಾಡಿದೆ. ಕಣ್ಣಿಗೆ ಸರಿಹೋಯಿತು. ಆದರೆ ಒಂದು ಹೆಸರು ಬದಲಾಯಿಸಬೇಕು ಅಂದರೆ ಮತ್ತೆ ಚಿತ್ರ ಬರೆಯಬೇಕು. ಟೂಲ್‌ಬಾರ್ ಸರಿ ಮಾಡಿದರೂ ಒಳಗಿನ ಫಾರ್ಮ್‌ನಲ್ಲಿ ರೈತರ ಹೆಸರು, ಊರಿನ ಹೆಸರು ಹಾಗೇ ಒಡೆದಿರುತ್ತವೆ. ಒಬ್ಬರ ಹೆಸರನ್ನು ಅವರೆದುರಿಗೇ ಒಡೆದು ತೋರಿಸುವುದು ನನಗಂತೂ ಮನಸ್ಸಿಗೆ ಬರಲಿಲ್ಲ.

ಆ ವಾರದ ಇನ್ನೊಂದು ತೊಂದರೆ ಟ್ಯಾಬ್ ಕೀಯದು. ಕಾಕಾ ಮೌಸ್ ಮುಟ್ಟುವುದು ಕಡಿಮೆ, ಲಾಟ್ ತುಂಬುವಾಗ ಟ್ಯಾಬ್ ಒತ್ತುತ್ತಾ ಹೋಗುತ್ತಾರೆ. ಕೊನೆಯ ಹಮಾಲಿ ಖಾನೆ ಆದ ಮೇಲೆ ಟ್ಯಾಬ್ ಒತ್ತಿದರೆ ಟಿಕಿಂಟರ್ ಸುತ್ತಿ ಬಂದು ಟೂಲ್‌ಬಾರ್‌ನ ಮೊದಲ ಗುಂಡಿಯ ಮೇಲೆ ನಿಲ್ಲುತ್ತದೆ. ಅದು ‘ಹೊಸ ಲಾಟ್’. ಆಗ ಸ್ಪೇಸ್ ಬಾರ್ ತಾಗಿದರೆ ತುಂಬಿದ್ದೆಲ್ಲ ಖಾಲಿ. ಹದಿನೇಳು ಚೀಲದ ತೂಕ ಹಾಗೆ ಹೋಯಿತು, ಪಾಪ, ಚೀಟಿ ನೋಡಿ ಮತ್ತೆ ತುಂಬಿದರು. ಟೂಲ್‌ಬಾರ್‌ನ ಪ್ರತಿ ಬಟನ್‌ಗೂ ‘ಟೇಕ್‌ಫೋಕಸ್’ ಸೊನ್ನೆ ಅಂತ ಕೊಟ್ಟರೆ ಟ್ಯಾಬ್ ಅಲ್ಲಿಗೆ ಹೋಗುವುದಿಲ್ಲ. ಟಿಕಿಂಟರ್‌ನಲ್ಲಿ ಟೂಲ್‌ಬಾರ್ ಮಾಡುವವರು ಮೊದಲ ದಿನವೇ ಇದನ್ನು ಬರೆದುಬಿಡಿ. ಮೌಸ್ ನಿಲ್ಲಿಸಿದರೆ ಬರುವ ಟೂಲ್‌ಟಿಪ್ ಕೂಡ ಇದರಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ನಾವೇ ಬರೆಯಬೇಕು.

ಎರಡನೇ ವಾರ ಡಬ್ಲ್ಯೂಎಕ್ಸ್‌ಪೈಥಾನ್. ಮಿಂಟ್‌ನಲ್ಲಿ ಇದನ್ನು ಪೈಥಾನ್‌ನ ಪ್ಯಾಕೇಜ್ ಹಾಕುವ ಪಿಪ್‌ನಿಂದ ಹಾಕಲು ಹೋಗಬೇಡಿ. ಪಿಪ್‌ನಲ್ಲಿ ಲಿನಕ್ಸ್‌ಗೆ ಸಿದ್ಧ ಪ್ಯಾಕೇಜ್ ಇಲ್ಲದೆ ಮೂಲ ಕೋಡ್‌ನಿಂದ ಕಂಪೈಲ್ ಮಾಡುತ್ತಾ ಕೂರುತ್ತದೆ, ಆ ಹಳೆಯ ಕಂಪ್ಯೂಟರ್‌ನಲ್ಲಿ ಅದು ಆಗುವ ಮಾತಲ್ಲ. ಮಿಂಟ್‌ನದೇ ಪ್ಯಾಕೇಜ್ ಹಾಕುವ ಆ್ಯಪ್ಟ್‌ನಿಂದ ಹಾಕಿದರೆ ಸಲೀಸು.

ಇಲ್ಲಿ ನಿಜವಾದ ಟೂಲ್‌ಬಾರ್ ಇದೆ. ಫ್ರೇಮ್‌ನ ಮೇಲೆ ಕ್ರಿಯೇಟ್‌ಟೂಲ್‌ಬಾರ್ ಕರೆದು, ಟಿಬಿ_ಟೆಕ್ಸ್ಟ್ ಸ್ಟೈಲ್ ಕೊಟ್ಟರೆ ಹೆಸರೂ ಕಾಣುತ್ತದೆ. ಆಮೇಲೆ ಒಂದೊಂದೇ ಆ್ಯಡ್‌ಟೂಲ್. ‘ಪಟ್ಟಿ’ ಎರಡೂ ಕಂಪ್ಯೂಟರ್‌ನಲ್ಲಿ ಒಡೆಯದೆ ಬಂತು. ಲಿನಕ್ಸ್‌ನಲ್ಲಿ ಇದು ಜಿಟಿಕೆಯ ಮೇಲೆ ನಿಂತಿದೆ, ಅಲ್ಲಿ ಅಕ್ಷರ ಜೋಡಿಸುವುದು ಪ್ಯಾಂಗೋ. ಅದಕ್ಕೆ ಕನ್ನಡ ಗೊತ್ತು. ಗುಂಡಿಗಳ ರೂಪವೂ ಆಯಾ ಕಂಪ್ಯೂಟರ್‌ನದ್ದೇ. ಮಿಂಟ್‌ನಲ್ಲಿ ಮಿಂಟ್‌ನ ಥರ, ವಿಂಡೋಸ್‌ನಲ್ಲಿ ವಿಂಡೋಸ್‌ನ ಥರ. ಹಳೆಯ ಕಂಪ್ಯೂಟರ್‌ನಲ್ಲಿ ಬೇಗ ತೆರೆದುಕೊಂಡಿತು. ಆ ವಿಷಯದಲ್ಲಿ ಇದು ನನಗೆ ತುಂಬಾ ಹಿಡಿಸಿತು.

ಆದರೆ ಹೇಳಿದ ಕ್ರಮದಲ್ಲೇ ಮಾಡಬೇಕು. ಚಿತ್ರದ ಅಳತೆಯನ್ನು ಗುಂಡಿ ಸೇರಿಸುವ ಮೊದಲೇ ಹೇಳಬೇಕು. ಎಲ್ಲ ಸೇರಿಸಿದ ಮೇಲೆ ಕೊನೆಗೆ ರಿಯಲೈಜ್ ಕರೆಯಲೇಬೇಕು. ನಾನು ಮರೆತಿದ್ದೆ. ಮಿಂಟ್‌ನಲ್ಲಿ ಗುಂಡಿಗಳು ಕಂಡವು, ಎಲ್ಲ ಸರಿ ಇದೆ ಅಂದುಕೊಂಡೆ. ಸಾವಕಾರರ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಟೂಲ್‌ಬಾರ್ ಜಾಗ ಪೂರ್ತಿ ಖಾಲಿ. ವಿಂಡೋಸ್‌ನಲ್ಲಿ ಗುಂಡಿಗಳು ಹುಟ್ಟುವುದೇ ಆ ರಿಯಲೈಜ್‌ನಲ್ಲಿ. ಆಮೇಲೆ ಗುಂಡಿ ಸೇರಿಸಿದರೂ ಮತ್ತೆ ಅದನ್ನು ಕರೆಯಬೇಕು.

ಇನ್ನೊಂದು ಕೊರತೆ ಸಾವಕಾರರ ರೂಢಿಯಿಂದ ಗೊತ್ತಾಯಿತು. ಅವರು ಅರ್ಧ ಪರದೆಯಲ್ಲಿ ವಾಟ್ಸಾಪ್ ಇಟ್ಟುಕೊಂಡು ಬೇರೆ ಪೇಟೆಯ ದರ ನೋಡುತ್ತಾರೆ, ನಮ್ಮ ಪ್ರೋಗ್ರಾಂ ಉಳಿದರ್ಧದಲ್ಲಿ. ಕಿಟಕಿ ಕಿರಿದಾದಾಗ ಬಲಗಡೆಯ ‘ಕಿರ್ದಿ’, ‘ಹುಡುಕು’ ಎರಡೂ ಮರೆಯಾದವು. ಟಿಕಿಂಟರ್‌ನಲ್ಲೂ ಇದೇ ಕಥೆ. ಡಬ್ಲ್ಯೂಎಕ್ಸ್‌ನಲ್ಲಿ ಎಯುಐ ಟೂಲ್‌ಬಾರ್ ಅಂತ ಇನ್ನೊಂದು ಇದೆ, ಅದಕ್ಕೆ ಓವರ್‌ಫ್ಲೋ ಸ್ಟೈಲ್ ಕೊಟ್ಟರೆ ಜಾಗ ಸಾಲದ ಗುಂಡಿಗಳು ಒಂದು ಬಾಣದೊಳಗೆ ಸೇರುತ್ತವೆ. ಆದರೆ ಅದನ್ನು ಹಾಕಿದರೆ ಕಂಪ್ಯೂಟರ್‌ನ ಸ್ವಂತ ರೂಪ ಹೋಗುತ್ತದೆ. ನನಗೆ ಹಿಡಿಸಿದ್ದೇ ಅದು.

ಮೂರನೇ ವಾರ ಪೈಸೈಡ್6. ಇದು ಕ್ಯೂಟಿ ಅನ್ನೋ ಟೂಲ್‌ಕಿಟ್ ಅನ್ನು ಪೈಥಾನ್‌ನಿಂದ ಬಳಸುವ ದಾರಿ, ಕ್ಯೂಟಿ ಕಂಪನಿಯದ್ದೇ. ಪೈಕ್ಯೂಟಿ6 ಕೂಡ ಹೆಚ್ಚುಕಡಿಮೆ ಹೀಗೇ. ಆದರೆ ಅದರ ಲೈಸೆನ್ಸ್ ಜಿಪಿಎಲ್ (ಪ್ರೋಗ್ರಾಂ ಕೊಟ್ಟವರಿಗೆ ನಮ್ಮ ಕೋಡನ್ನೂ ಕೊಡಬೇಕೆನ್ನುವುದು), ಇಲ್ಲವಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ಪೈಸೈಡ್ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ. ನನ್ನಂಥ ಸಣ್ಣ ಕೆಲಸದವರಿಗೆ ಇದೇ ಸಲೀಸು. ಗಾತ್ರ ಮಾತ್ರ ದೊಡ್ಡದು, ಪೂರ್ತಿ ಇಳಿಸಿದರೆ ನೂರು ಎಂಬಿ ದಾಟುತ್ತದೆ. ಟೂಲ್‌ಬಾರ್, ಫಾರ್ಮ್, ಪ್ರಿಂಟ್ ಇಷ್ಟಕ್ಕೆ ಪೈಸೈಡ್6-ಎಸೆನ್ಷಿಯಲ್ಸ್ ಸಾಕು. ಮಿಂಟ್‌ನಲ್ಲಿ ಮೊದಲ ಸಲ ಪ್ರೋಗ್ರಾಂ ತೆರೆಯಲೇ ಇಲ್ಲ. ಕ್ಯೂಟಿ 6.5ರಿಂದ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಅನ್ನೋ ಪ್ಯಾಕೇಜ್ ಬೇಕು, ಅದನ್ನು ಆ್ಯಪ್ಟ್‌ನಿಂದ ಹಾಕಿದ ಮೇಲೆ ತೆರೆಯಿತು.

ಕ್ಯೂಟಿಯಲ್ಲಿ ಗುಂಡಿಗಿಂತ ಮೊದಲು ಕೆಲಸವನ್ನು ಹೇಳುತ್ತೀರಿ. ‘ಪಟ್ಟಿ’ ಅನ್ನೋ ಒಂದು ಕ್ಯೂಆ್ಯಕ್ಷನ್. ಅದಕ್ಕೆ ಹೆಸರು, ಚಿತ್ರ, ಎಫ್5 ಕೀ, ಒತ್ತಿದರೆ ಏನಾಗಬೇಕು, ಎಲ್ಲ ಒಂದೇ ಕಡೆ. ಅದನ್ನೇ ಮೆನುವಿಗೂ ಕೊಡಿ, ಟೂಲ್‌ಬಾರ್‌ಗೂ ಕೊಡಿ. ತೂಕ ಹಾಕುವ ಮೊದಲು ಪಟ್ಟಿ ಆಗಬಾರದು ಅಲ್ವಾ? ಆ ಆ್ಯಕ್ಷನ್‌ಗೆ ಸೆಟ್‌ಎನೇಬಲ್ಡ್ ಫಾಲ್ಸ್ ಅಂತ ಒಂದೇ ಸಾಲು ಬರೆದರೆ ಮೆನುವಿನಲ್ಲೂ ಮಂಕು, ಗುಂಡಿಯೂ ಮಂಕು, ಎಫ್5 ಒತ್ತಿದರೂ ಏನೂ ಆಗದು. ಟಿಕಿಂಟರ್‌ನಲ್ಲಿ ಇದೇ ಕೆಲಸಕ್ಕೆ ಮೂರು ಕಡೆ ಕೈ ಹಾಕಬೇಕಿತ್ತು, ಒಂದು ಕಡೆ ಮರೆತೂ ಇದ್ದೆ. ತೂಕವಿಲ್ಲದ ಪಟ್ಟಿ ಒಂದು ಪ್ರಿಂಟ್ ಆಗಿಬಿಟ್ಟಿತ್ತು. ಡಬ್ಲ್ಯೂಎಕ್ಸ್‌ನಲ್ಲಿ ಮೆನುವಿಗೂ ಗುಂಡಿಗೂ ಒಂದೇ ಐಡಿ ಕೊಟ್ಟು ಅಪ್‌ಡೇಟ್ ಯುಐ ಈವೆಂಟ್‌ನಿಂದ ಇದನ್ನು ಸಾಧಿಸಬಹುದು. ಆದರೆ ಕ್ಯೂಟಿಯಷ್ಟು ನೇರವಿಲ್ಲ.

ಮಿಕ್ಕಿದ್ದೂ ಸುಮ್ನೆ ಆಗಿಹೋಯಿತು. ಟೂಲ್‌ಬಟನ್ ಸ್ಟೈಲ್‌ನಲ್ಲಿ ಟೆಕ್ಸ್ಟ್‌ಅಂಡರ್‌ಐಕಾನ್ ಅಂದರೆ ಹೆಸರು ಕೆಳಗೆ. ಐಕಾನ್ ಸೈಜ್ 32. ಒತ್ತಕ್ಷರ ಸರಿ. ಟ್ಯಾಬ್ ಟೂಲ್‌ಬಾರ್ ಕಡೆ ಹೋಗುವುದೇ ಇಲ್ಲ. ಸಾವಕಾರರು ಕಿಟಕಿ ಕಿರಿದು ಮಾಡಿದರೆ ಬಲತುದಿಯಲ್ಲಿ ಪುಟ್ಟ ಬಾಣ ತಾನೇ ಬರುತ್ತದೆ, ಒತ್ತಿದರೆ ಉಳಿದ ಗುಂಡಿ ಕಾಣುತ್ತವೆ. ‘ಹುಡುಕು’ ಬಲಗಡೆ ತುದಿಗೆ ಹೋಗಬೇಕಿತ್ತು. ಅದಕ್ಕೆ ನೇರವಾದ ದಾರಿ ಇಲ್ಲ, ನಡುವೆ ಹಿಗ್ಗುವ ಒಂದು ಖಾಲಿ ವಿಜೆಟ್ ಇಡಬೇಕು. ಈ ವಿಷಯದಲ್ಲಿ ಡಬ್ಲ್ಯೂಎಕ್ಸ್‌ನ ಆ್ಯಡ್‌ಸ್ಟ್ರೆಚಬಲ್‌ಸ್ಪೇಸ್ ವಾಸಿ.

ನಾಲ್ಕನೇ ದಿನ ಫೋನ್ ಬಂತು. ಕಾಕಾ. “ತಂಗೀ, ಗುಂಡಿ ಎಲ್ಲಾ ಮಾಯ ಆಗ್ಯಾವು. ಬಂದ್ ಮಾಡಿ ಚಾಲೂ ಮಾಡಿದ್ರೂ ಬರವಲ್ವು.” ಹೊರಗೆ ಗಾಡಿಗಳ ಸದ್ದು ಫೋನ್‌ನಲ್ಲೇ ಕೇಳುತ್ತಿತ್ತು. ಎದೆ ಧಸಕ್ಕೆಂದಿತು. ಆಗಿದ್ದು ಇಷ್ಟು. ಕ್ಯೂಟಿಯಲ್ಲಿ ಟೂಲ್‌ಬಾರ್ ಮೇಲೆ ಬಲ ಕ್ಲಿಕ್ ಮಾಡಿದರೆ ಟೂಲ್‌ಬಾರ್‌ನ ಹೆಸರಿರುವ ಒಂದು ಚಿಕ್ಕ ಮೆನು ಬರುತ್ತದೆ, ಟಿಕ್ ತೆಗೆದರೆ ಟೂಲ್‌ಬಾರ್ ಮಾಯ. ಇದನ್ನು ನಾನು ಬರೆದಿರಲಿಲ್ಲ, ಕ್ಯೂಟಿ ತಾನೇ ಕೊಡುತ್ತದೆ. ಅದರ ಮೇಲೆ, ಗುಂಡಿಗಳ ಜಾಗ ನೆನಪಿರಲಿ ಅಂತ ಸೇವ್‌ಸ್ಟೇಟ್, ರಿಸ್ಟೋರ್‌ಸ್ಟೇಟ್ ಹಾಕಿದ್ದೆ. ಅವು ಟೂಲ್‌ಬಾರ್ ಮರೆಯಾಗಿದ್ದನ್ನೂ ನೆನಪಿಟ್ಟುಕೊಂಡವು. ಅದಕ್ಕೇ ಮತ್ತೆ ತೆರೆದರೂ ಬರಲಿಲ್ಲ. ಕಿಟಕಿಯ ಮೆನು ಸಾಲಿನ ಮೇಲೆ ಬಲ ಕ್ಲಿಕ್ ಮಾಡಿಸಿ, ಟಿಕ್ ಹಾಕಿಸಿ, ಫೋನ್‌ನಲ್ಲೇ ವಾಪಸ್ ತರಿಸಿದೆ.

ಮರುದಿನ ಎರಡು ಸಾಲು ಸೇರಿಸಿದೆ. ಟೂಲ್‌ಬಾರ್‌ನ ಟಾಗಲ್‌ವ್ಯೂಆ್ಯಕ್ಷನ್ ಅನ್ನು ಸೆಟ್‌ಎನೇಬಲ್ಡ್ ಫಾಲ್ಸ್ ಮಾಡಿದೆ, ಈಗ ಆ ಟಿಕ್ ತೆಗೆಯಲು ಬರುವುದಿಲ್ಲ. ಸೆಟ್‌ಮೂವೆಬಲ್ ಫಾಲ್ಸ್ ಹಾಕಿದೆ, ಎಳೆದರೆ ಜಾಗ ಬಿಡುವುದಿಲ್ಲ. ರಿಸ್ಟೋರ್‌ಸ್ಟೇಟ್ ಬೇಕೇ ಬೇಕು ಅನ್ನುವವರು ಪ್ರತಿ ಟೂಲ್‌ಬಾರ್‌ಗೂ ಆಬ್ಜೆಕ್ಟ್‌ನೇಮ್ ಕೊಡಿ, ಇಲ್ಲದಿದ್ದರೆ ಕ್ಯೂಟಿ ಎಚ್ಚರಿಕೆ ಕೊಡುತ್ತದೆ, ಜಾಗವೂ ಉಳಿಯುವುದಿಲ್ಲ. ಗದ್ದಲದ ಅಂಗಡಿಗೆ ಗುಂಡಿಗಳು ಕದಲದಂತೆ ಇರುವುದೇ ಒಳ್ಳೆಯದು ಅಂತ ನಾನು ಸೇವ್‌ಸ್ಟೇಟ್, ರಿಸ್ಟೋರ್‌ಸ್ಟೇಟ್ ಎರಡನ್ನೂ ತೆಗೆದುಬಿಟ್ಟೆ.

ಯಾವುದನ್ನು ಹಿಡಿಯಬೇಕು ಅಂತ ಯಾರಾದರೂ ಕೇಳಿದರೆ ನಾನು ಪೈಸೈಡ್6 ಅನ್ನುತ್ತೇನೆ. ನಾಲ್ಕೈದು ಗುಂಡಿ, ಬರೀ ವಿಂಡೋಸ್ ಅಂದರೆ ಟಿಕಿಂಟರ್‌ನಲ್ಲೇ ಮಾಡಿ, ಏನೂ ತಪ್ಪಿಲ್ಲ. ಕಂಪ್ಯೂಟರ್ ತೀರಾ ಹಳೆಯದು, ಕಿಟಕಿ ಯಾವಾಗಲೂ ಪೂರ್ತಿ ಪರದೆ ಅಂದರೆ ಡಬ್ಲ್ಯೂಎಕ್ಸ್. ಲಿನಕ್ಸ್‌ನಲ್ಲಿ ಕನ್ನಡ ಬೇಕು ಅಂದರೆ ಮಾತ್ರ ಟಿಕೆ 8.6 ಬೇಡ.

ಅಂಗಡಿಯಲ್ಲಿ ಈಗ ಪೈಸೈಡ್6 ಓಡುತ್ತಿದೆ. ಕಳೆದ ಸಲ ಹೋದಾಗ ಕಾಕಾ, ಪ್ರಿಂಟ್ ಒತ್ತಲು ಹೋಗಿ ಉದ್ರಿ ಒತ್ತುತ್ತಿದ್ದೇನೆ, ನಡುವೆ ಕಿರ್ದಿ ಇಡು ಅಂದರು. ಇನ್ಸರ್ಟ್‌ಆ್ಯಕ್ಷನ್‌ನ ಒಂದು ಸಾಲು. ಅವರ ಚಹಾ ಮುಗಿಯುವುದರೊಳಗೆ ಕೆಂಪು ಪುಸ್ತಕ ಉದ್ರಿಯ ಎಡಕ್ಕೆ ಬಂದಿತ್ತು.