ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ ಅನ್ನೋರಿಗೆ ದುಡ್ಡು ಹಾಕಬೇಡಿ

ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಇದ್ದರೆ ಹತ್ತು ಲಕ್ಷ ಕೊಡ್ತೀವಿ ಅನ್ನೋ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅದನ್ನು ನಂಬಿ ಗಂಗಾವತಿಯ ನಮ್ಮ ಅತ್ತೆ ಹದಿನೆಂಟು ಸಾವಿರ ಕಳೆದುಕೊಂಡರು. ಕಿರಾಣಿ ಅಂಗಡಿಯಲ್ಲಿ ದುಡಿದು ಕೂಡಿಟ್ಟ ದುಡ್ಡು.

ಗಲ್ಲಾದಲ್ಲಿ ಸಿಕ್ಕ ನಾಣ್ಯದ ಫೋಟೋ ತೆಗೆದು ವಿಡಿಯೋದಲ್ಲಿದ್ದ ನಂಬರಿಗೆ ಕಳಿಸಿದರು. ಕೂಡಲೇ ಫೋನ್ ಬಂತು. "ಅಮ್ಮಾ, ನಿಮ್ಮ ನಾಣ್ಯ ಪಾಸಾಗಿದೆ, ನೋಂದಣಿಗೆ 750 ರೂಪಾಯಿ ಹಾಕಿ" ಅಂದರು. ಆಮೇಲೆ ಜಿಎಸ್‌ಟಿ ಅಂದರು. ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಅನುಮತಿಗೆ ಶುಲ್ಕ ಅಂದರು. ಮುದ್ರೆ ಹೊಡೆದ ಪತ್ರ ಬಂತು, ನೋಟಿನ ಕಂತೆಗಳ ಫೋಟೋನೂ ಬಂತು. "ನಮ್ಮ ಗಾಡಿ ಕೊಪ್ಪಳ ದಾಟಿದೆ" ಅಂತ ಹೇಳಿ ಇನ್ನೊಂದು ಸಲ ಹಾಕಿಸಿಕೊಂಡರು. ಆಮೇಲೆ ನಂಬರ್ ಸ್ವಿಚ್ ಆಫ್. ಅತ್ತೆ ಯಾರಿಗೂ ಹೇಳದೆ ಒಳಗೊಳಗೇ ಕೊರಗಿದರು. ದುಡ್ಡಿಗಿಂತ ಅದೇ ನನಗೆ ಜಾಸ್ತಿ ಸಂಕಟ.

ಹಳೇ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ನಿಜವಾಗಿ ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ಅಲ್ವಾ? ಮೊದಲು ನಿಮ್ಮಿಂದಲೇ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

ವೈಷ್ಣೋದೇವಿ ನಾಣ್ಯದ ಮೇಲೆ 2012 ಅಂತ ಇದೆ. ಅದು ಚಿಲ್ಲರೆಯಾಗಿ ಓಡಾಡಿದ ನಾಣ್ಯ. ಇಸವಿಯ ಕೆಳಗಿನ ನಕ್ಷತ್ರ ತೋರಿಸಿ "ಭಾರಿ ಅಪರೂಪ" ಅನ್ನುತ್ತಾರೆ. ಅದು ಹೈದರಾಬಾದ್ ಟಂಕಸಾಲೆಯ ಗುರುತು, ಅಷ್ಟೇ. ವಜ್ರದ ಆಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಗುರುತು ಇದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಆ ವರ್ಷ ಆ ಟಂಕಸಾಲೆಯಲ್ಲಿ ಕಡಿಮೆ ಹೊಡೆದಿರಬೇಕು, ನಾಣ್ಯವೂ ಸವೆಯದೆ ಇರಬೇಕು. ಗಲ್ಲಾದಲ್ಲಿ ಉಜ್ಜಾಡಿದ ನಾಣ್ಯಕ್ಕೆ ಸಾಮಾನ್ಯವಾಗಿ ಮುಖಬೆಲೆಯೇ ಗತಿ. ಆನ್‌ಲೈನ್‌ನಲ್ಲಿ ಯಾರೋ ಲಕ್ಷ ಅಂತ ಬರೆದಿದ್ದರೆ ಅದು ಅವರು ಕೇಳುವ ಬೆಲೆ. ಮಾರಾಟವಾದ ಬೆಲೆ ಎಷ್ಟು ಅಂತ ನೋಡಿ.

ಮನೆಯಲ್ಲಿ ಬ್ರಿಟಿಷರ ಕಾಲದ ಒಂದು ರೂಪಾಯಿ ಇದ್ದರೆ ಮಾತ್ರ ಜೋಪಾನ. 1940ಕ್ಕಿಂತ ಹಿಂದಿನದು 11.66 ಗ್ರಾಂ ತೂಗುತ್ತದೆ, ಅದರಲ್ಲಿ ಶೇ 91.7 ಬೆಳ್ಳಿ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.

ಯಾರಾದರೂ ಈಗಾಗಲೇ ದುಡ್ಡು ಹಾಕಿದ್ದರೆ ದಯವಿಟ್ಟು ಬೈಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ. ಮೆಸೇಜು, ಪಾವತಿಯ ಸ್ಕ್ರೀನ್‌ಶಾಟು ಯಾವುದನ್ನೂ ಅಳಿಸಬೇಡಿ.